ಚೀನೀ ವಲಸಿಗ ಕುಟುಂಬಗಳ ಕಥನಗಳಲ್ಲಿ ತಾಯಿ ಮತ್ತು ಮಗಳು: ಓದುವವರಿಗೊಂದು ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿದ ಚೀನೀ ಕುಟುಂಬಗಳ ಕಥೆ, ಕಾದಂಬರಿಗಳನ್ನು ಓದಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಯಾವ ಪುಸ್ತಕದಿಂದ ಆರಂಭಿಸಬೇಕು? ಇಷ್ಟೊಂದು ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಈ ತಾಯಂದಿರು ಹೆತ್ತ ಮಗಳೊಂದಿಗೆ ಏಕಿಷ್ಟು ಬಿರುಸಾಗಿ ಮಾತನಾಡುತ್ತಾರೆ? ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಉತ್ತರ ಸಿಗಬೇಕಾದರೆ ನಾವು ಓದುವ ಕ್ರಮವನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಈ ಬರವಣಿಗೆಯಲ್ಲಿ ತಾಯಿಯ ಮಾತು ಬಹುಪಾಲು ಮಗಳ ಕಿವಿಯನ್ನು ಹಾದು, ಮಗಳ ಇಂಗ್ಲಿಷಿನಲ್ಲಿ ನಮ್ಮನ್ನು ತಲುಪುತ್ತದೆ. ಆ ದಾರಿಯಲ್ಲಿ ಏನು ಉಳಿಯಿತು, ಏನು ಸೋರಿಹೋಯಿತು ಎಂದು ಗಮನಿಸದೆ ಓದಿದರೆ ತಾಯಿ ಬರೀ ಗದರುವ ಹೆಂಗಸಾಗಿ ಕಾಣುತ್ತಾಳೆ. ಹಾಗಾಗದಂತೆ ಓದಲು ನನಗೆ ಉಪಯೋಗಕ್ಕೆ ಬಂದ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ನಿಮಗೆ ಬೇಕಾಗುವುದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಮತ್ತು ಚೀನಾದ ಒಂದು ಭೂಪಟ. ಚೀನೀ ಭಾಷೆಯ ಪರಿಚಯ ಬೇಕಿಲ್ಲ. ಈ ಕಥೆಗಳ ಹೆಣ್ಣುಮಕ್ಕಳಲ್ಲಿ ಹಲವರಿಗೂ ಅದು ಅರೆಬರೆಯಾಗಿಯೇ ಬರುತ್ತದೆ.

1. ಮೊದಲ ಪುಸ್ತಕವನ್ನು ಆರಿಸಿಕೊಳ್ಳಿ

ಏಮಿ ಟ್ಯಾನ್ ಅವರ ‘ದಿ ಜಾಯ್ ಲಕ್ ಕ್ಲಬ್’ (1989) ಆರಂಭಕ್ಕೆ ತಕ್ಕ ಪುಸ್ತಕ. ಸ್ಯಾನ್ ಫ್ರಾನ್ಸಿಸ್ಕೋದ ನಾಲ್ಕು ಕುಟುಂಬಗಳ ನಾಲ್ವರು ತಾಯಂದಿರು ಮತ್ತು ನಾಲ್ವರು ಹೆಣ್ಣುಮಕ್ಕಳ ಸುತ್ತ ಹೆಣೆದ 16 ಕಥೆಗಳು ಇದರಲ್ಲಿವೆ. ಒಂದೊಂದನ್ನೂ ಬಿಡಿಯಾಗಿ ಓದಬಹುದಾದ್ದರಿಂದ ದಿನಕ್ಕೊಂದರಂತೆ ಓದಿದರೂ ಎಳೆ ತಪ್ಪುವುದಿಲ್ಲ. ಅದಾದ ಮೇಲೆ ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ ಅವರ ‘ದಿ ವುಮನ್ ವಾರಿಯರ್’ (1976), ಅನಂತರ ಫೇ ಮಯೆನ್ ಇಂಗ್ ಅವರ ‘ಬೋನ್’ (1993) ಕೈಗೆತ್ತಿಕೊಳ್ಳಿ. ಕಾಲೇಜು ಓದುತ್ತಿರುವವರು ಜೀನ್ ಕ್ವಾಕ್ ಅವರ ‘ಗರ್ಲ್ ಇನ್ ಟ್ರಾನ್ಸ್‌ಲೇಷನ್’ (2010) ಪುಸ್ತಕದಿಂದಲೂ ಆರಂಭಿಸಬಹುದು. ಹಾಂಗ್‌ಕಾಂಗ್‌ನಿಂದ ಬ್ರೂಕ್ಲಿನ್‌ಗೆ ಬಂದು, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ತಾಯಿಯೊಂದಿಗೆ ದುಡಿಯುತ್ತಲೇ ಶಾಲೆಗೆ ಹೋಗುವ ಹುಡುಗಿಯ ಕಥೆ ಅದು.

ಎಚ್ಚರಿಕೆ: ‘ದಿ ವುಮನ್ ವಾರಿಯರ್’ ಹೆಚ್ಚು ಹೆಸರು ಮಾಡಿದ ಪುಸ್ತಕವೆಂದು ಅದನ್ನೇ ಮೊದಲು ಹಿಡಿದು, ಇಪ್ಪತ್ತು ಪುಟಕ್ಕೆ ಕೈಬಿಟ್ಟವರು ಬಹಳ ಮಂದಿ. ಅದು ಪ್ರಕಟವಾದದ್ದು ಆತ್ಮಕಥನವಾಗಿ. ಕಾಲ್ಪನಿಕವಲ್ಲದ ಬರಹಗಳ ವಿಭಾಗದಲ್ಲಿ ಅಮೆರಿಕದ ವಿಮರ್ಶಕರ ವಲಯದ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಒಳಗೆ ನಡೆದದ್ದು, ತಾಯಿ ಹೇಳಿದ್ದು, ಮಗಳು ಊಹಿಸಿಕೊಂಡದ್ದು ಮೂರೂ ಹಾಲು ನೀರಿನಂತೆ ಬೆರೆತಿವೆ. ಸ್ವಲ್ಪ ರೂಢಿಯಾದ ಮೇಲೆ ಓದಿದರೆ ಆ ಬೆರಕೆಯೇ ಅದರ ಜೀವ ಎಂಬುದು ಗೊತ್ತಾಗುತ್ತದೆ.

2. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಮಾಡಿ

ಪ್ರತಿಯೊಬ್ಬ ತಾಯಿಗೂ ಒಂದು ಪುಟ ಮೀಸಲಿಡಿ. ನಡುವೆ ಗೆರೆ ಎಳೆದು, ಎಡಗಡೆ ಅವಳು ಚೀನಾದಲ್ಲಿ ಏನಾಗಿದ್ದಳು ಎಂಬುದನ್ನೂ ಬಲಗಡೆ ಅಮೆರಿಕದಲ್ಲಿ ಏನಾದಳು ಎಂಬುದನ್ನೂ ಓದುತ್ತಾ ಹೋದಂತೆ ತುಂಬಿಸಿ. ಎಡ ಅಂಕಣ ಬಹಳ ಕಾಲ ಖಾಲಿಯಾಗಿಯೇ ಇರುತ್ತದೆ. ಅದರಿಂದ ಬೇಸರ ಪಡಬೇಡಿ, ಕಥೆಯ ಮಗಳ ಸ್ಥಿತಿಯೂ ಅದೇ ಆಗಿರುತ್ತದೆ.

ಕಿಂಗ್‌ಸ್ಟನ್ ಅವರ ಪುಸ್ತಕದ ತಾಯಿಯನ್ನು ತೆಗೆದುಕೊಳ್ಳಿ. ಎಡಗಡೆ ಅವಳು ಕ್ಯಾಂಟನ್ ನಗರದಲ್ಲಿ ವೈದ್ಯಕೀಯವನ್ನೂ ಹೆರಿಗೆ ವಿದ್ಯೆಯನ್ನೂ ಕಲಿತು, ಊರಿಗೆ ಮರಳಿ ಜನರ ಗೌರವ ಗಳಿಸಿದ ವೈದ್ಯೆ. ಬಲಗಡೆ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಪಟ್ಟಣದಲ್ಲಿ, ಬಿಸಿ ಹಬೆಯ ನಡುವೆ ಬೇರೆಯವರ ಬಟ್ಟೆ ಒಗೆದು ಇಸ್ತ್ರಿ ಮಾಡುವ ಹೆಂಗಸು. ಮಗಳು ಕಣ್ಣಾರೆ ನೋಡಿ ಬೆಳೆದದ್ದು ಬಲಗಡೆಯ ಹೆಂಗಸನ್ನು, ಮಾತನಾಡುವವಳು ಎಡಗಡೆಯವಳು. ಮನೆಯವರೆಲ್ಲ ತನ್ನ ಮಾತು ನಡೆಸಬೇಕೆಂದು ಅವಳು ಅಪ್ಪಣೆ ಕೊಡುವುದನ್ನು ಓದುವಾಗ ಈ ಪುಟವನ್ನು ಒಮ್ಮೆ ತಿರುವಿ ನೋಡಿ.

ಹೆಸರುಗಳ ವಿಷಯದಲ್ಲಿ ಮೂರು ಸಂಗತಿ ತಿಳಿದಿದ್ದರೆ ಸಾಕು. ಚೀನೀಯರಲ್ಲಿ ಮನೆತನದ ಹೆಸರು ಮೊದಲು, ಕೊಟ್ಟ ಹೆಸರು ಆಮೇಲೆ ಬರುತ್ತದೆ. ಅಮೆರಿಕಕ್ಕೆ ಬಂದವರು ಎಷ್ಟೋ ಸಲ ಇದನ್ನು ತಿರುಗಿಸಿ ಬರೆಯುತ್ತಾರೆ. ಕೆಲವು ಲೇಖಕರು ಹೆಸರಿನ ಅರ್ಥವನ್ನೇ ಇಂಗ್ಲಿಷಿಗೆ ತಂದು ಬರೆದರೆ, ಕೆಲವರು ಉಚ್ಚಾರಣೆಯನ್ನು ಉಳಿಸಿಕೊಳ್ಳುತ್ತಾರೆ. ಊರುಗಳ ಹೆಸರು ಹಳೆಯ ಬರವಣಿಗೆಯಲ್ಲಿದ್ದರೆ ಇಂದಿನ ಭೂಪಟದಲ್ಲಿ ಸಿಗುವುದಿಲ್ಲ: ಕ್ಯಾಂಟನ್ ಎಂದರೆ ಇಂದಿನ ಗುವಾಂಗ್‌ಝೌ, ಕ್ವೇಲಿನ್ ಎಂದರೆ ಗುಯ್‌ಲಿನ್, ಚುಂಗ್‌ಕಿಂಗ್ ಎಂದರೆ ಚೊಂಗ್‌ಚಿಂಗ್. ಇವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ನಂಟಿನ ಪದಗಳಿಗೂ ಅಲ್ಲೇ ಜಾಗ ಮಾಡಿ. ಮ್ಯಾಂಡರಿನ್ ಭಾಷೆಯಲ್ಲಿ ತಂದೆಯ ತಾಯಿ ‘ನೈನೈ’, ತಾಯಿಯ ತಾಯಿ ‘ವೈಪೊ’. ಈ ‘ವೈ’ ಎಂಬುದಕ್ಕೆ ‘ಹೊರಗೆ’ ಎಂದು ಅರ್ಥ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

3. ನಾಲ್ಕಾರು ಇಸವಿಗಳನ್ನು ಬರೆದುಕೊಳ್ಳಿ

ಇದು ಸಣ್ಣ ಕೆಲಸ, ಆದರೆ ಬಿಡುವಂತಿಲ್ಲ. 1875ರ ಪೇಜ್ ಕಾಯ್ದೆ ಚೀನೀ ಹೆಂಗಸರು ಅಮೆರಿಕಕ್ಕೆ ಬರುವುದನ್ನೇ ಬಹುಮಟ್ಟಿಗೆ ತಡೆಯಿತು. 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸುವ ಕಾಯ್ದೆ ಬಂತು. 1890ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿದ್ದ ಚೀನೀಯರಲ್ಲಿ ಗಂಡಸರು 1,03,620, ಹೆಂಗಸರು 3,868. ಅಂದರೆ ಸುಮಾರು 27 ಗಂಡಸರಿಗೆ ಒಬ್ಬ ಹೆಂಗಸು. ನಿಷೇಧ ತೆರವಾದದ್ದು 1943ರಲ್ಲಿ. ಆಗಲೂ ವರ್ಷಕ್ಕೆ 105 ಜನರಿಗಷ್ಟೇ ಅವಕಾಶ ಸಿಕ್ಕಿತು. ಎರಡನೆಯ ಮಹಾಯುದ್ಧದ ಬಳಿಕ ಸೈನಿಕರ ಹೆಂಡತಿಯರಿಗೆ ಬಾಗಿಲು ತೆರೆಯಿತು. ದೊಡ್ಡ ಪ್ರಮಾಣದಲ್ಲಿ ಕುಟುಂಬಗಳು ಬರಲು ಸಾಧ್ಯವಾದದ್ದು 1965ರ ವಲಸೆ ಕಾಯ್ದೆಯ ನಂತರ.

ಈ ಅಂಕಿಗಳು ಕಥೆಯ ಒಳಗೇ ಕುಳಿತಿವೆ. ಗಂಡ ಅಮೆರಿಕದಲ್ಲಿ, ಹೆಂಡತಿ ಚೀನಾದಲ್ಲಿ ಎಂದು ದಶಕಗಳನ್ನೇ ಕಳೆದ ಮನೆಗಳಲ್ಲಿ ಹಳ್ಳಿಯ ಹೆಣ್ಣಿನ ಮೇಲೆ ಊರಿಗೆ ಊರೇ ಕಣ್ಣಿಟ್ಟಿರುತ್ತಿತ್ತು. ‘ದಿ ವುಮನ್ ವಾರಿಯರ್’ ಆರಂಭವಾಗುವುದೇ ಅಂತಹ ಹೆಣ್ಣೊಬ್ಬಳಿಂದ. ಗಂಡ ಅಮೆರಿಕಕ್ಕೆ ಹೋಗಿ ವರ್ಷಗಳಾದ ಮೇಲೆ ಬಸಿರಾದ, ಲೇಖಕಿಯ ಆ ಸೋದರತ್ತೆಯ ಮನೆಯನ್ನು ಹಳ್ಳಿಯ ಜನ ನುಗ್ಗಿ ಧ್ವಂಸ ಮಾಡುತ್ತಾರೆ. ಅವಳು ಕೂಸಿನೊಂದಿಗೆ ಮನೆಯ ಬಾವಿಗೆ ಬೀಳುತ್ತಾಳೆ. ಇದನ್ನು ಕೇವಲ ಹಳ್ಳಿಯ ಕ್ರೌರ್ಯವೆಂದು ಓದಿದರೆ ಅರ್ಧ ಓದಿದಂತೆ. ಸಾಗರದಾಚೆಯ ಕಾನೂನೂ ಆ ಬಾವಿಕಟ್ಟೆಯ ಮೇಲೆ ನಿಂತಿದೆ.

ಇನ್ನೊಂದು ಪದ ‘ಕಾಗದದ ಮಗ’. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದಾಗ, ಅಲ್ಲಿನ ಚೀನೀಯರು ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಳ್ಳಲು ಸಾಧ್ಯವಾಯಿತು. ನಾಗರಿಕನ ಮಗನಿಗೆ ಪ್ರವೇಶವಿದ್ದುದರಿಂದ, ಹಣ ಕೊಟ್ಟು ಇನ್ನೊಬ್ಬರ ಮಗನೆಂಬ ಕಾಗದ ಪಡೆದು ಬಂದವರಿಗೆ ಈ ಹೆಸರು ಬಂತು. 1910ರಿಂದ 1940ರವರೆಗೆ ಏಂಜಲ್ ದ್ವೀಪದ ತಪಾಸಣಾ ಕೇಂದ್ರದಲ್ಲಿ ಅಧಿಕಾರಿಗಳು ಇಂತಹವರನ್ನು ಮನೆಯ ಮೆಟ್ಟಿಲೆಷ್ಟು, ಬಾವಿ ಯಾವ ದಿಕ್ಕಿಗೆ ಎಂಬಷ್ಟರ ಮಟ್ಟಿಗೆ ಪ್ರಶ್ನಿಸುತ್ತಿದ್ದರು. ‘ಬೋನ್’ ಕಾದಂಬರಿಯಲ್ಲಿ ಹಿರಿಯ ಮಗಳು ಲೈಲಾ ತನ್ನ ಮಲತಂದೆಯ ಹಳೆಯ ಸೂಟ್‌ಕೇಸ್ ತೆರೆದು, ಅವನು ಜೀವನವಿಡೀ ಕೂಡಿಟ್ಟ ಕಾಗದಗಳ ರಾಶಿಯಲ್ಲಿ ಅವನ ಗುರುತನ್ನು ಹುಡುಕುವ ಭಾಗವನ್ನು ಈ ಹಿನ್ನೆಲೆಯಿಲ್ಲದೆ ಓದಬೇಡಿ. ಮನೆಯಲ್ಲಿ ಮಾತು ಏಕೆ ಇಷ್ಟು ಬಿಗಿ, ಮಕ್ಕಳಿಗೆ ನಿಜವಾದ ಹೆಸರನ್ನೂ ಏಕೆ ಹೇಳುವುದಿಲ್ಲ ಎಂಬುದಕ್ಕೆ ಕಾರಣ ಆ ಪೆಟ್ಟಿಗೆಯಲ್ಲಿದೆ. ಬಾಯಿ ಬಿಟ್ಟರೆ ಗಡೀಪಾರಾಗುವ ಭಯವಿತ್ತು.

4. ಮಾತು ಯಾವ ಭಾಷೆಯಲ್ಲಿ ನಡೆಯುತ್ತಿದೆ ಎಂದು ಕೇಳಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ತಾಯಿ ಮಾತನಾಡುವ ಪ್ರತಿ ಸಂದರ್ಭದಲ್ಲಿಯೂ ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಗುರುತು ಹಾಕಿ: ಈಗ ಅವಳು ಆಡುತ್ತಿರುವುದು ಚೀನೀ ಭಾಷೆಯೋ, ಇಂಗ್ಲಿಷೋ, ಎರಡರ ಬೆರಕೆಯೋ? ಏಮಿ ಟ್ಯಾನ್ ಅವರ ತಾಯಂದಿರು ಮಕ್ಕಳೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡುವಾಗ ವಾಕ್ಯಗಳು ತುಂಡು ತುಂಡಾಗಿ ಬೀಳುತ್ತವೆ. ಅದೇ ತಾಯಿ ತನ್ನ ಅಧ್ಯಾಯದಲ್ಲಿ ತನ್ನ ಬಾಲ್ಯದ ಕಥೆ ಹೇಳತೊಡಗಿದರೆ ಭಾಷೆ ತುಂಬಿದ ಹೊಳೆಯಂತೆ ಹರಿಯುತ್ತದೆ. ಹೆಂಗಸು ಒಬ್ಬಳೇ. ಮೊದಲನೆಯದು ಮಗಳಿಗೆ ಕೇಳಿಸಿದ ತಾಯಿ, ಎರಡನೆಯದು ತನಗೆ ತಾನು ಕೇಳಿಸಿಕೊಳ್ಳುವ ತಾಯಿ. ತನ್ನ ತಾಯಿಯ ಇಂಗ್ಲಿಷನ್ನು ಜನ ‘ಮುರುಕು’ ಎಂದು ಕರೆದದ್ದು, ಆ ಇಂಗ್ಲಿಷಿನಿಂದಾಗಿಯೇ ಆಕೆಯನ್ನು ಆಸ್ಪತ್ರೆಯಲ್ಲಿಯೂ ಅಂಗಡಿಯಲ್ಲಿಯೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು, ಹದಿಹರೆಯದಲ್ಲಿಯೇ ತಾನು ತಾಯಿಯ ಹೆಸರಿನಲ್ಲಿ ಫೋನಿನಲ್ಲಿ ಮಾತನಾಡಬೇಕಾಗಿ ಬಂದದ್ದು, ಇದನ್ನೆಲ್ಲ ಟ್ಯಾನ್ 1990ರ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಕಥೆ ಬರೆಯುವಾಗ ಅವರು ಮನಸ್ಸಿನಲ್ಲಿಟ್ಟುಕೊಂಡ ಓದುಗರು ಆ ತಾಯಿಯೇ.

ಭಾಷಾಂತರ ಮಾಡುವ ಮಗಳ ಕಷ್ಟವನ್ನು ಕಿಂಗ್‌ಸ್ಟನ್ ಒಂದು ಪುಟ್ಟ ಸನ್ನಿವೇಶದಲ್ಲಿ ತೋರಿಸುತ್ತಾರೆ. ಔಷಧಿ ಅಂಗಡಿಯ ಹುಡುಗ ವಿಳಾಸ ತಪ್ಪಿ ಬೇರೆ ಯಾರದೋ ಮಾತ್ರೆಗಳನ್ನು ಇವರಲ್ಲಿ ಕೊಟ್ಟು ಹೋಗುತ್ತಾನೆ. ಕಾಯಿಲೆಯನ್ನೇ ಮನೆಯೊಳಗೆ ತಂದಿಟ್ಟ ಹಾಗಾಯಿತೆಂದು ತಾಯಿ ಕೆರಳುತ್ತಾಳೆ. ಅಂಗಡಿಯವನು ಸಿಹಿ ಕೊಟ್ಟು ದೋಷ ಕಳೆಯಬೇಕು, ಹೋಗಿ ಕೇಳಿ ತಾ ಎಂದು ಮಗಳನ್ನು ಅಟ್ಟುತ್ತಾಳೆ. ಮಗಳು ಅಂಗಡಿಯಲ್ಲಿ ನಿಂತು, ಅಮ್ಮ ನಿಮ್ಮಿಂದ ಮಿಠಾಯಿ ತರಬೇಕೆಂದಿದ್ದಾಳೆ, ಚೀನೀಯರು ಹೀಗೆಯೇ ಮಾಡುವುದು ಎಂಬರ್ಥದ ಮಾತನ್ನು ಹೇಗೋ ಹೇಳಿ ಮುಗಿಸುತ್ತಾಳೆ. ಅವನಿಗೆ ಅರ್ಥವಾಗುವುದು ಈ ಮಕ್ಕಳು ಬಡವರು, ಬೇಡುತ್ತಿದ್ದಾರೆ ಎಂದು. ಅಂದಿನಿಂದ ಅವರು ಹೋದಾಗಲೆಲ್ಲ ಅವನು ಮಿಠಾಯಿ ಕೊಡುತ್ತಾನೆ. ತಾಯಿಯಾದರೋ ಅವನಿಗೆ ತಕ್ಕ ಪಾಠ ಕಲಿಸಿದೆನೆಂದು ಬೀಗುತ್ತಾಳೆ. ಇಬ್ಬರ ನಡುವೆ ನಿಂತು ಎರಡೂ ಅರ್ಥಗಳನ್ನು ಬಲ್ಲವಳು ಮಗಳೊಬ್ಬಳೇ. ನಾಚಿಕೆಯೆಲ್ಲ ಅವಳ ಪಾಲಿಗೆ ಬರುತ್ತದೆ. ಇಂತಹ ಸನ್ನಿವೇಶ ಸಿಕ್ಕಿದಾಗ ಅದನ್ನು ಮೂರು ಸಲ ಓದಿ: ಒಮ್ಮೆ ತಾಯಿಯಾಗಿ, ಒಮ್ಮೆ ಅಂಗಡಿಯವನಾಗಿ, ಒಮ್ಮೆ ಮಗಳಾಗಿ.

ಎಚ್ಚರಿಕೆ: ‘ಚೀನೀ ಭಾಷೆ’ ಒಂದೇ ಅಲ್ಲ. ಹಳೆಯ ವಲಸಿಗರಲ್ಲಿ ಹೆಚ್ಚಿನವರು ಗುವಾಂಗ್‌ಡಾಂಗ್ ಪ್ರಾಂತದ ತಾಯ್‌ಶಾನ್ ಮತ್ತು ಅದರ ನೆರೆಯ ಸೀಮೆಗಳಿಂದ ಬಂದವರು. ಅವರ ಆಡುನುಡಿ ಶಾಂಘೈ ಅಥವಾ ಬೀಜಿಂಗ್ ಕಡೆಯವರಿಗೆ ತಿಳಿಯುವುದಿಲ್ಲ. ಹಾಗಾಗಿ ಎರಡು ಚೀನೀ ಪಾತ್ರಗಳು ತಮ್ಮ ತಮ್ಮಲ್ಲಿಯೇ ಇಂಗ್ಲಿಷಿಗೆ ಮೊರೆ ಹೋದರೆ ಅದು ಲೇಖಕಿಯ ಮರೆವಲ್ಲ.

5. ಊಟದ ಮೇಜಿನ ಬಳಿ ನಿಧಾನಿಸಿ

ಈ ಕಥೆಗಳಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಯಾರ ತಟ್ಟೆಗೆ ಯಾವ ತುಂಡು ಹೋಯಿತು ಎಂಬುದನ್ನು ನೋಡಿಯೇ ತಿಳಿಯಬೇಕು. ‘ದಿ ಜಾಯ್ ಲಕ್ ಕ್ಲಬ್’ ಪುಸ್ತಕದ ಹೊಸ ವರ್ಷದ ಏಡಿ ಊಟದಲ್ಲಿ ಒಬ್ಬ ಮಗಳು ಒಳ್ಳೆಯ ಏಡಿಗಳನ್ನು ತನ್ನವರಿಗೆಂದು ಆರಿಸಿಕೊಳ್ಳುತ್ತಾಳೆ. ಕಾಲು ಮುರಿದ ಏಡಿಯನ್ನು ಇನ್ನೊಬ್ಬ ಮಗಳು ತೆಗೆದುಕೊಳ್ಳಲು ಹೋದಾಗ ತಾಯಿ ಅದನ್ನು ತಾನು ಇಟ್ಟುಕೊಂಡು ಚೆನ್ನಾಗಿರುವುದನ್ನು ಅವಳಿಗೆ ಕೊಡುತ್ತಾಳೆ. ಅಂದು ರಾತ್ರಿ ಅವರಿಬ್ಬರ ನಡುವೆ ನಡೆಯುವ ಮಾತಿಗೆಲ್ಲ ಆ ಏಡಿಯೇ ಪೀಠಿಕೆ.

ಇದೇ ಪುಸ್ತಕದಲ್ಲಿ ವೇವರ್ಲಿ ಎಂಬ ಮಗಳು ತಾನು ಮದುವೆಯಾಗಲಿರುವ ಅಮೆರಿಕನ್ ಹುಡುಗನನ್ನು ಊಟಕ್ಕೆ ಕರೆತರುತ್ತಾಳೆ. ತಾಯಿ ಲಿಂಡೊ ತಾನು ಹೆಮ್ಮೆ ಪಡುವ ಹಂದಿಮಾಂಸದ ಅಡುಗೆಯನ್ನು ತಂದಿಟ್ಟು, ಒಂದು ಚೂರು ಬಾಯಿಗಿಟ್ಟು, ಉಪ್ಪು ಸಾಲದು, ರುಚಿಯೇ ಇಲ್ಲ ಎನ್ನುತ್ತಾಳೆ. ಮನೆಯವರಿಗೆಲ್ಲ ಗೊತ್ತು, ಈಗ ಎಲ್ಲರೂ ಒಂದೊಂದು ತುತ್ತು ತಿಂದು ಇದಕ್ಕಿಂತ ಚೆನ್ನಾಗಿ ಯಾರೂ ಮಾಡಲಾರರೆಂದು ಹೊಗಳಬೇಕು. ಹುಡುಗ ಪಾಪ, ಇಷ್ಟೇ ತಾನೇ ಎಂದು ಸೋಯಾ ಸಾಸನ್ನು ಅದರ ಮೇಲೆ ಸುರಿಯುತ್ತಾನೆ. ‘ಬಡವರ ಮನೆ ಊಟ, ಏನೂ ಮಾಡಿಲ್ಲ’ ಎಂದು ಹೇಳುತ್ತಾ ಎಲೆ ತುಂಬ ಬಡಿಸುವ ಮನೆಗಳನ್ನು ಕಂಡ ಕನ್ನಡ ಓದುಗರಿಗೆ ಇಲ್ಲಿ ಅಡಿಟಿಪ್ಪಣಿಯ ಅಗತ್ಯವಿಲ್ಲ. ಇಂತಹ ಕಡೆಗಳಲ್ಲಿ ನಮಗೆ ಸಿಗುವ ಸಲಿಗೆಯನ್ನು ಧಾರಾಳವಾಗಿ ಬಳಸಿಕೊಳ್ಳಿ. ಲಿಂಡೊಳ ಆ ಮಾತು ದೂರೂ ಅಲ್ಲ, ಸುಳ್ಳೂ ಅಲ್ಲ, ಅದೊಂದು ಆಹ್ವಾನ. ಮಗಳ ಕೆಲಸದ ಬಗ್ಗೆ, ರೂಪದ ಬಗ್ಗೆ ತಾಯಿ ಆಡುವ ಕೊಂಕುಗಳಲ್ಲಿ ಎಷ್ಟು ಈ ಜಾತಿಯವು ಎಂದು ನೋಡುತ್ತಾ ಹೋಗಿ. ಎಲ್ಲವೂ ಹಾಗಿರುವುದಿಲ್ಲ, ಕೆಲವು ನಿಜವಾಗಿಯೂ ಚುಚ್ಚಲೆಂದೇ ಆಡಿದವು. ಆ ವ್ಯತ್ಯಾಸವನ್ನು ಗುರುತಿಸುವುದರಲ್ಲಿಯೇ ಓದುಗರ ಜಾಣ್ಮೆಯಿದೆ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. 2011ರಲ್ಲಿ ಬಂದ ಒಂದು ಆತ್ಮಕಥನದಿಂದಾಗಿ ‘ಹುಲಿ ತಾಯಿ’ ಎಂಬ ಮಾತು ಚಾಲ್ತಿಗೆ ಬಂತು: ಮಕ್ಕಳನ್ನು ಬಿಡದೆ ಓದಿಸುವ, ಪಿಯಾನೊ ನುಡಿಸಿಸುವ ಚೀನೀ ತಾಯಿ ಎಂದು ಅದರ ಅರ್ಥ. ಈ ಹಣೆಪಟ್ಟಿಯನ್ನು ಅದಕ್ಕೂ ಇಪ್ಪತ್ತು ಮೂವತ್ತು ವರ್ಷ ಹಿಂದೆ ಬರೆದ ತಾಯಂದಿರಿಗೆ ಅಂಟಿಸಿದರೆ ಮುಂದೆ ಓದುವುದಕ್ಕೆ ಏನೂ ಉಳಿಯುವುದಿಲ್ಲ. ಟ್ಯಾನ್ ಅವರ ಸುಯುವಾನ್ ಕೂಡ ಮಗಳಿಗೆ ಪಿಯಾನೊ ಕಲಿಸಲು ಹಟ ಹಿಡಿಯುತ್ತಾಳೆ. ಜಗಳ ತಾರಕಕ್ಕೇರಿದಾಗ ಮಗಳು, ನಾನು ಸತ್ತಿದ್ದರೆ ಚೆನ್ನಾಗಿತ್ತು, ಅವರ ಹಾಗೆ, ಎಂಬಂತೆ ಕೂಗುತ್ತಾಳೆ. ‘ಅವರು’ ಎಂದರೆ ಯುದ್ಧಕಾಲದಲ್ಲಿ ಜಪಾನಿ ಸೈನ್ಯಕ್ಕೆ ಹೆದರಿ ಕ್ವೇಲಿನ್‌ನಿಂದ ಕಾಲ್ನಡಿಗೆಯಲ್ಲಿ ಓಡಿದಾಗ ಆ ತಾಯಿ ದಾರಿಯಲ್ಲಿ ಬಿಟ್ಟು ಬಂದ ಅವಳಿ ಹೆಣ್ಣುಕೂಸುಗಳು. ತಾಯಿಯ ಮುಖ ಬಾಡಿಹೋಗುತ್ತದೆ, ಮಾತಿಲ್ಲದೆ ಹಿಂದೆ ಸರಿಯುತ್ತಾಳೆ, ಪಿಯಾನೊ ಪಾಠ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ನೋಟ್‌ಬುಕ್ಕಿನ ಎಡ ಅಂಕಣದಲ್ಲಿ ಆ ಕೂಸುಗಳನ್ನು ಬರೆದಿಟ್ಟಿದ್ದರೆ ಮಾತ್ರ ಈ ಮೌನದ ತೂಕ ತಿಳಿಯುತ್ತದೆ.

6. ದೆವ್ವಗಳನ್ನೂ ಪುರಾಣಗಳನ್ನೂ ಬಂದಂತೆ ಸ್ವೀಕರಿಸಿ, ಆದರೆ ಪರೀಕ್ಷಿಸಿ

‘ಗುಯ್’ ಎಂದರೆ ದೆವ್ವ; ಪಿಂಡಕ್ಕೆ, ಧೂಪಕ್ಕೆ ದಿಕ್ಕಿಲ್ಲದೆ ಸತ್ತವರು ಹಸಿದ ದೆವ್ವಗಳಾಗಿ ಅಲೆಯುತ್ತಾರೆಂಬ ನಂಬಿಕೆಯಿದೆ. ಪರಕೀಯರನ್ನೂ ಇದೇ ಪದದಿಂದ ಕರೆಯುವುದು ರೂಢಿ. ಆದ್ದರಿಂದ ಕಿಂಗ್‌ಸ್ಟನ್ ಅವರ ತಾಯಿಗೆ ಅಂಚೆಯವನೂ ದೆವ್ವ, ಬಸ್ಸಿನವನೂ ದೆವ್ವ, ಕಸ ಒಯ್ಯುವವನೂ ದೆವ್ವ. ಯಾವ ದೆವ್ವ ಸತ್ತದ್ದು, ಯಾವುದು ಬದುಕಿರುವುದು ಎಂದು ಅಂಚಿನಲ್ಲಿ ಬರೆದುಕೊಳ್ಳಿ. ‘ಶಿಯಾವ್’ ಎಂಬ ಇನ್ನೊಂದು ಪದವೂ ಬರುತ್ತದೆ: ಹೆತ್ತವರಿಗೆ, ಹಿರಿಯರಿಗೆ ಮಕ್ಕಳು ಸಲ್ಲಿಸಬೇಕಾದ ನಿಷ್ಠೆ. ಸಾಯುತ್ತಿರುವ ತಾಯಿಗಾಗಿ ಮಗಳೊಬ್ಬಳು ತನ್ನ ತೋಳಿನ ಮಾಂಸವನ್ನು ಕೊಯ್ದು ಸಾರಿಗೆ ಹಾಕುವ ಪ್ರಸಂಗವನ್ನು ಟ್ಯಾನ್ ಬರೆಯುತ್ತಾರೆ. ಇದನ್ನು ಚೀನೀಯರ ನಿತ್ಯದ ಪದ್ಧತಿ ಎಂದುಕೊಳ್ಳಬೇಡಿ, ಶಿಯಾವ್‌ನ ಪರಾಕಾಷ್ಠೆಯನ್ನು ಹೇಳುವ ಹಳೆಯ ಐತಿಹ್ಯಗಳ ಸಾಲಿಗೆ ಅದು ಸೇರುತ್ತದೆ.

ಪುರಾಣಗಳೂ ಇಲ್ಲಿ ಮೂಲದಂತೆಯೇ ಇರುವುದಿಲ್ಲ. ಕಿಂಗ್‌ಸ್ಟನ್ ಅವರ ಪುಸ್ತಕದಲ್ಲಿ ಯೋಧೆ ಮುಲಾನ್‌ಳ ಬೆನ್ನಿನ ಮೇಲೆ ತಂದೆತಾಯಿ ಅಕ್ಷರ ಕೆತ್ತುತ್ತಾರೆ. ಚೀನೀ ಪರಂಪರೆಯಲ್ಲಿ ಬೆನ್ನಿನ ಮೇಲೆ ಅಕ್ಷರ ಕೆತ್ತಿಸಿಕೊಂಡವನು ಯುವೆ ಫೇ ಎಂಬ ಸೇನಾಪತಿ, ಕೆತ್ತಿದವಳು ಅವನ ತಾಯಿ. ಲೇಖಕ ಫ್ರಾಂಕ್ ಚಿನ್ ಇಂತಹ ಬದಲಾವಣೆಗಳನ್ನು ಹಿಡಿದು, ಇವರು ಬಿಳಿಯ ಓದುಗರಿಗಾಗಿ ನಕಲಿ ಚೀನಾವನ್ನು ಕಟ್ಟುತ್ತಿದ್ದಾರೆಂದು ಕಟುವಾಗಿ ಟೀಕಿಸಿದರು. ಟೀಕೆಯನ್ನು ಓದಿ, ತಿಳಿದಿರಿ. ನನಗೆ ಮಾತ್ರ ಅದು ಪೂರ್ತಿ ಒಪ್ಪಿಗೆಯಿಲ್ಲ. ಗಂಡಿನ ಬೆನ್ನಿನ ಅಕ್ಷರವನ್ನು ಹೆಣ್ಣಿನ ಬೆನ್ನಿಗೆ ತಂದದ್ದು ಅಜ್ಞಾನವಲ್ಲ. ಅಕ್ಕಿಯಲ್ಲಿ ಹುಳ ಇದ್ದಂತೆ ಮನೆಯಲ್ಲಿ ಹೆಣ್ಣು ಎಂಬ ಮಾತನ್ನು ಕೇಳಿ ಬೆಳೆದ ಮಗಳು, ತಾಯಿ ಹೇಳಿದ ಕಥೆಯನ್ನು ತನಗೆ ಬೇಕಾದಂತೆ ಮತ್ತೆ ಹೇಳಿಕೊಂಡದ್ದು. ಬಾಯಿಂದ ಬಾಯಿಗೆ ಹೋಗುವ ಕಥೆಗಳು ಎಲ್ಲ ಕಡೆಯೂ ಹೀಗೆಯೇ ಬದಲಾಗುತ್ತವೆ. ಆದರೆ ಚೀನಾದ ಪುರಾಣವನ್ನು ತಿಳಿಯಲು ಈ ಪುಸ್ತಕವನ್ನು ಕೈಪಿಡಿಯಾಗಿ ಬಳಸಿದರೆ ನೀವು ದಾರಿ ತಪ್ಪುತ್ತೀರಿ.

7. ಮುಗಿಸಿದ ಮೇಲೆ ಮೊದಲ ಅಧ್ಯಾಯಕ್ಕೆ ಮರಳಿ

ಈ ಪುಸ್ತಕಗಳು ನೇರವಾದ ಕಾಲಕ್ರಮದಲ್ಲಿ ನಡೆಯುವುದು ಅಪರೂಪ. ‘ಬೋನ್’ ನಡುವಣ ಮಗಳು ಓನಾಳ ಸಾವಿನ ನಂತರದಿಂದ ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ. ಕೊನೆಯ ಪುಟಗಳನ್ನು ಓದಿದ ಮೇಲೆಯೇ ಮೊದಲ ಪುಟಗಳ ತಾಯಿ ಏಕೆ ಹಾಗಿದ್ದಳೆಂದು ಹೊಳೆಯುವುದು. ಆದ್ದರಿಂದ ಒಂದು ಓದಿಗೆ ನಿಲ್ಲಿಸಬೇಡಿ. ಪೂರ್ತಿ ಎರಡನೆಯ ಓದಿಗೆ ಪುರಸೊತ್ತಿಲ್ಲದಿದ್ದರೆ ಮೊದಲ ಅಧ್ಯಾಯವನ್ನಾದರೂ ಓದಿ.

‘ದಿ ಜಾಯ್ ಲಕ್ ಕ್ಲಬ್’ ಪುಸ್ತಕದಲ್ಲಿ ಆ ಅಧ್ಯಾಯ ಒಂದು ಮಾಜಾಂಗ್ ಮೇಜಿನ ಸುತ್ತ ನಡೆಯುತ್ತದೆ. ಮಾಜಾಂಗ್ ಎಂದರೆ ಚಿತ್ರಗಳಿರುವ ಬಿಲ್ಲೆಗಳನ್ನು ಹಿಡಿದು ನಾಲ್ವರು ನಾಲ್ಕು ದಿಕ್ಕಿಗೆ ಕುಳಿತು ಆಡುವ ಆಟ. ಸುಯುವಾನ್ ತೀರಿಕೊಂಡು ಎರಡು ತಿಂಗಳಾಗಿದೆ. ಖಾಲಿಯಾದ ಪೂರ್ವದ ಜಾಗದಲ್ಲಿ ಮೂವತ್ತಾರು ವರ್ಷದ ಮಗಳು ಜೂನ್ ಕೂರುತ್ತಾಳೆ. ತಾಯಿಯ ಗೆಳತಿಯರು ಅವಳ ಕೈಗೆ 1,200 ಡಾಲರಿನ ಚೆಕ್ ಕೊಟ್ಟು, ಚೀನಾದಲ್ಲಿ ಬದುಕುಳಿದಿರುವ ಅಕ್ಕಂದಿರನ್ನು ಹೋಗಿ ನೋಡು, ನಿಮ್ಮ ತಾಯಿಯ ಬಗ್ಗೆ ಅವರಿಗೆ ಹೇಳು ಎನ್ನುತ್ತಾರೆ. ಏನೆಂದು ಹೇಳಲಿ, ನನಗೇನು ಗೊತ್ತು ಎಂದು ಜೂನ್ ಕೇಳಿಬಿಡುತ್ತಾಳೆ. ಮೂವರು ಹಿರಿಯ ಹೆಂಗಸರೂ ಬೆಚ್ಚಿಬೀಳುತ್ತಾರೆ, ಏಕೆಂದರೆ ಅವಳಲ್ಲಿ ಅವರಿಗೆ ತಂತಮ್ಮ ಹೆಣ್ಣುಮಕ್ಕಳು ಕಾಣುತ್ತಾರೆ. ಆಮೇಲೆ ಒಬ್ಬೊಬ್ಬರೂ ಏನೇನು ಹೇಳಬೇಕೆಂದು ಅವಸರದಲ್ಲಿ ಒದಗಿಸಿ ಕೊಡತೊಡಗುತ್ತಾರೆ: ಅವಳ ಒಳ್ಳೆಯತನ, ಅವಳ ಜಾಣತನ, ಅವಳು ಮಾಡುತ್ತಿದ್ದ ಅಡುಗೆ.

ಈ ಪುಟವನ್ನು ಎರಡನೆಯ ಸಲ ಓದುವಾಗ ಆ ಮೂವರ ಹೆಸರಿನ ಪುಟಗಳನ್ನೂ ನೋಟ್‌ಬುಕ್ಕಿನಲ್ಲಿ ತೆರೆದಿಟ್ಟುಕೊಳ್ಳಿ. ಅವರು ಜೂನ್‌ಗೆ ಸುಯುವಾನ್ ಬಗ್ಗೆ ಹೇಳುವ ಒಂದೊಂದು ಮಾತಿನ ಎದುರಿಗೂ ಅವರವರ ಎಡ ಅಂಕಣದಲ್ಲಿ ನೀವು ಏನು ಬರೆದಿದ್ದೀರಿ ಎಂದು ನೋಡಿ.